ಹಂಚದೆ ಉಳಿದ ಕೂಗು

ಕರೆಪ್ಪನ ಕುರಿಗಳು ಬೆಳಗಾವಿಯ ಚೆನ್ನಮ್ಮ ಸರ್ಕಲ್ಲಿನ ತನಕ ಸರಿಯಾಗಿಯೇ ಬಂದವು. ಅಲ್ಲಿಂದ ಮುಂದೆ ಹೋಗಲಿಲ್ಲ, ಸುತ್ತಲು ಹತ್ತಿದವು.

ಕುರಿ ಅಂದಮೇಲೆ ನಡುದಾರಿಯಲ್ಲಿ ನಿಲ್ಲುತ್ತದೆ, ಹಾರ್ನಿಗೆ ಬೆದರುತ್ತದೆ, ಬಾಳೆಹಣ್ಣಿನ ಗಾಡಿಗೆ ಬಾಯಿ ಹಾಕುತ್ತದೆ. ಅದೆಲ್ಲ ಕರೆಪ್ಪನಿಗೆ ಹೊಸದಲ್ಲ. ದೀಪಾವಳಿ ಮುಗಿಯುತ್ತಲೇ ಕಾಕತಿಯಿಂದ ಹಿಂಡು ಹೊಡೆದುಕೊಂಡು, ಬೆಳಗಾವಿ ಹಾಯ್ದು, ಖಾನಾಪುರದ ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಲು ಹೋಗುವುದು ಅವನಿಗೆ ಹುಟ್ಟಿದಾಗಿನಿಂದ ರೂಢಿ. ಆದರೆ ಈ ಸಲ ಮುಂದಿನ ಟಗರು ಕುದುರೆಯ ಮೇಲೆ ಕುಳಿತ ರಾಣಿಯ ಪ್ರತಿಮೆಯನ್ನು ಒಮ್ಮೆ ತಲೆಯೆತ್ತಿ ನೋಡಿತು, ರಾಣಿಯನ್ನು ಎಡಗೈಗೆ ಇಟ್ಟುಕೊಂಡಿತು, ಸುತ್ತು ಹಾಕಿತು. ಅದರ ಬೆನ್ನಿಗೆ ಮಿಕ್ಕವೂ ಸುತ್ತಿದವು. ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತುವುದು ಪ್ರದಕ್ಷಿಣೆ. ಇದು ಅದಲ್ಲ. ಇದು ಸತ್ತವರಿಗೆ ಮಣ್ಣು ಕೊಡುವಾಗ ಕುಣಿಯ ಸುತ್ತ ತಿರುಗುವ ಸುತ್ತು.

ಟ್ರಾಫಿಕ್ ಪೊಲೀಸ್ ಬಸವಪ್ರಸಾದನಿಗೆ ಅಷ್ಟೆಲ್ಲ ಹೊಳೆಯಲಿಲ್ಲ. ಅವನಿಗೆ ಕಂಡದ್ದು ವಾಹನಗಳೆಲ್ಲ ಒಂದು ಕಡೆ ತಿರುಗುವಾಗ ಕುರಿಗಳು ಇನ್ನೊಂದು ಕಡೆ ತಿರುಗುತ್ತಿರುವುದು.

"ಏ ಕುರಿಯಪ್ಪಾ! ಎಲ್ಲಾ ಉಲ್ಟಾ ಹೊಂಟಾವಲ್ಲೋ! ಬೋರ್ಡ್ ಕಾಣ್ಸೂದಿಲ್ಲೇನು?"

"ಅವಕ್ಕ ಓದಾಕ ಬರೂದಿಲ್ರೀ ಸಾಹೇಬ್ರ."

"ನಿನಗರ ಬರ್ತೈತೋ ಇಲ್ಲೋ?"

"ಬರ್ತಿದ್ರ ನಾ ನಿಮ್ಮ ಜಾಗಾದಾಗ ನಿಂತು ಸೀಟಿ ಊದ್ತಿದ್ನೆಲ್ರೀ."

ಅಷ್ಟರಲ್ಲಿ ಬಸವಪ್ರಸಾದನ ಹೆಗಲ ಮೇಲಿನ ವಾಕಿಟಾಕಿ ಕೆಮ್ಮಿತು. ಗೋವಾವೇಸ್ ಸರ್ಕಲ್ಲಿನ ಪೊಲೀಸ್ ಮಾತಾಡುತ್ತಿದ್ದ. ಅಲ್ಲಿಯೂ ಒಂದು ದೊಡ್ಡ ಕುರಿಹಿಂಡು ಬಂದಿದೆ, ಅದು ಸರ್ಕಲ್ ಸುತ್ತುತ್ತಿದೆ, ಅದೂ ಉಲ್ಟಾ, ಏನು ಮಾಡಲಿ ಎಂದು ಕೇಳುತ್ತಿದ್ದ.

ಬಸವಪ್ರಸಾದ ಕರೆಪ್ಪನ ಮುಖ ನೋಡಿದ. "ಅವೂ ನಿಂದಽ ಏನು?"

"ಅಲ್ರೀ. ಅವು ನಮ್ಮಣ್ಣ ಸತ್ಯಪ್ಪಂದು."

"ಫೋನ್ ಹಚ್ಚಿ ಕೇಳಲ್ಲ ಮತ್ತ, ಏನು ನಡಿಸೀರಿ ಇಬ್ಬರೂ ಅಂತ."

"ಮಾತು ಬಿಟ್ಟೀವ್ರಿ."

ಕತ್ತೆಗಳ ಮೇಲೆ ಬಿಡಾರದ ಸಾಮಾನು ಹೇರಿಕೊಂಡು ಹಿಂದೆ ಬರುತ್ತಿದ್ದ ಹೆಂಡತಿ ಭೀಮಕ್ಕ ಗದರಿದಳು. "ಆ ಪೊಲೀಸ್ ಮಾಮಾನ ಜೋಡಿ ಏನ್ ಹರಟಿ ಹೊಡೀತೀರಿ? ಕರೀರಲ್ಲ ಅವನ್ನ!"

ಕರೆಪ್ಪ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದ: "ಹೋಽಽ ಹುರ್ರೋ… ಬಾ ಬಾ ಬಾಽಽ!"

ಕುರಿಗಳು ನಿಂತವು. ಒಮ್ಮೆಗೇ ನಿಂತವು. ಕಿವಿ ತಿರುಗಿಸಿದವು. ಆದರೆ ಒಂದರ ಕಿವಿಯೂ ಕರೆಪ್ಪನ ಕಡೆ ತಿರುಗಲಿಲ್ಲ. ಅವನಿಗೂ ಅಣ್ಣನಿಗೂ ನಡುವೆ, ಕ್ಯಾಂಪಿನ ಕಡೆ, ಹಳೆಯ ಬಂಗಲೆಗಳ ಮರಗಳ ಮೇಲೆ ಎಲ್ಲೋ, ಯಾರೂ ಇಲ್ಲದ ಒಂದು ಜಾಗದ ಕಡೆ ತಿರುಗಿದವು. ಆಮೇಲೆ ಏನೂ ಆಗಿಲ್ಲವೆಂಬ ಹಾಗೆ ದಾರಿ ಹಿಡಿದವು.

"ಪಾಡ್ಯಾಕ ಬೆದರ್ಸಿದ್ದು ಇನ್ನಾ ಇಳದಿಲ್ಲ ಅವಕ್ಕ," ಅಂದಳು ಭೀಮಕ್ಕ. ದೀಪಾವಳಿ ಪಾಡ್ಯದ ದಿನ ಕುರಿಗಳನ್ನು ಪೂಜಿಸಿ, ಬೆದರಿಸಿ, ಹಾರಿಸಿ ಓಡಿಸುವುದು ಅವರ ಮನೆತನದ ಪದ್ಧತಿ. ಇರಬಹುದು ಅಂದುಕೊಂಡ ಕರೆಪ್ಪ. ಆದರೆ ಪಾಡ್ಯಕ್ಕೆ ಬೆದರಿದ ಕುರಿ ದಿಕ್ಕೆಟ್ಟು ಓಡುತ್ತದೆ. ಹೀಗೆ ಸಾಲು ಹಿಡಿದು ಸುತ್ತುವುದಿಲ್ಲ.

ಅಣ್ಣ ತಮ್ಮಂದಿರು ಮಾತು ಬಿಟ್ಟು ಮೂರು ವರ್ಷವಾಗಿತ್ತು. ಅಪ್ಪ ದುಂಡಪ್ಪ ತೀರಿಕೊಂಡ ವರ್ಷವೇ ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಹಿರಿಯರು ಕುಳಿತು ಎಲ್ಲವನ್ನೂ ಪಾಲು ಮಾಡಿದ್ದರು. ಕುರಿಗಳು ಎರಡು ಪಾಲು. ಹಿರಿಯ ಅಂತ ಸತ್ಯಪ್ಪನ ಕಡೆ ಒಂದಿಷ್ಟು ಹೆಚ್ಚು. ಕುದುರೆ ಅಣ್ಣನಿಗೆ, ಅದರ ಬದಲಿಗೆ ಕತ್ತೆಗಳು ತಮ್ಮನಿಗೆ. ನಾಯಿಗಳಲ್ಲಿ ಕಚ್ಚುವುದು ಅಣ್ಣನ ಪಾಲಿಗೆ, ಬೊಗಳುವುದು ತಮ್ಮನ ಪಾಲಿಗೆ. ಅಪ್ಪನ ಕಂಬಳಿಯನ್ನು ನಡುವೆ ಕತ್ತರಿಸಿ ಇಬ್ಬರಿಗೂ ಕೊಟ್ಟರು. ಅಂದಿನಿಂದ ಇಬ್ಬರಿಗೂ ಚಳಿ.

ಎಲ್ಲ ಮುಗಿದ ಮೇಲೆ ಹಿರಿಯ ನಾಗಲಿಂಗಜ್ಜ ಎಲೆ ಉಗುಳಿ ಎರಡು ಮಾತು ಹೇಳಿದ್ದ.

"ಇದು ಒಂದಽ ಸಲದ ಹಂಚಿಕಿ. ಮುಂದ ಎಂದರ ಈ ಎರಡೂ ಹಿಂಡು ಕೂಡಿಬಿಟ್ಟು, ಕರದ್ರೂ ಬ್ಯಾರೆ ಆಗಲಿಲ್ಲಂದ್ರ, ಬೀರಪ್ಪ ಕೂಡ್ಸಿದಾ ಅಂತ ತಿಳ್ಕೊಂಡು ಸುಮ್ನಾಗ್ರಿ. ಮತ್ತ ಹಂಚಾಕ ನಾವು ಕುಂದ್ರಂಗಿಲ್ಲ. ಹಿರ್ಯಾ ಯಜಮಾನ, ಕಿರ್ಯಾ ಅವನ ಕೈಯಾಗ. ಇನ್ನೊಂದು. ನಿಮ್ಮಪ್ಪಂದು ಏನರ ಹಿಂದಾಗಡೆ ಸಿಕ್ತಂದ್ರ ಸಿಕ್ಕಾವ ಮುಚ್ಚಿಡಬಾರ್ದು. ಏನಽ ಇರ್ಲಿ, ಅರ್ಧ ಅರ್ಧ."

ಇಬ್ಬರೂ ಹೂಂ ಅಂದಿದ್ದರು. ಕರೆಪ್ಪ ಸ್ವಲ್ಪ ಜೋರಾಗಿಯೇ ಅಂದಿದ್ದ. ಯಾಕೆಂದರೆ ಅಲ್ಲಿಯ ತನಕ ಅವನು ಏನು ಉಣ್ಣಬೇಕು, ಎಲ್ಲಿ ಮಲಗಬೇಕು, ಅವನ ಮೀಸೆ ಎಷ್ಟು ಉದ್ದ ಇರಬೇಕು ಎಂಬುದನ್ನೂ ಸತ್ಯಪ್ಪನೇ ಹೇಳುತ್ತಿದ್ದ. ಹಂಚಿಕೆಯಾದ ಮರುದಿನದಿಂದ ಕರೆಪ್ಪ ಮೀಸೆ ಬಿಟ್ಟ. ಈಗ ಅದು ಅವನಿಗಿಂತ ಮೊದಲು ಊರೊಳಗೆ ಹೋಗುತ್ತಿತ್ತು.

ಹಿರಿಯರು ಹಂಚಲು ಮರೆತದ್ದು ಒಂದೇ. ಕೂಗು.

ಪ್ರತಿ ಕುರುಬನಿಗೂ ತನ್ನದೇ ಒಂದು ಕೂಗು ಇರುತ್ತದೆ. ಕೆರೆಯ ದಂಡೆಯಲ್ಲಿ ಎರಡು ಹಿಂಡು ಬೆರೆತರೆ ಯಾರೂ ಬೈದಾಡುವುದಿಲ್ಲ. ಒಬ್ಬ ಈ ಕಡೆ, ಒಬ್ಬ ಆ ಕಡೆ ನಿಂತು ತಮ್ಮ ತಮ್ಮ ಕೂಗು ಹಾಕುತ್ತಾರೆ, ನೀರಿನಿಂದ ಎಣ್ಣೆ ಬಿಟ್ಟಂತೆ ಕುರಿಗಳು ಬೇರೆಯಾಗುತ್ತವೆ. ಸತ್ಯಪ್ಪ ಕರೆಪ್ಪರಿಗೆ ಗೊತ್ತಿದ್ದದ್ದು ದುಂಡಪ್ಪನ ಕೂಗು ಮಾತ್ರ. ಅದನ್ನು ಇಬ್ಬರೂ ಇಟ್ಟುಕೊಂಡರು. ಗಂಟಲೂ ಅಪ್ಪನದೇ. ಕಣ್ಣು ಮುಚ್ಚಿ ಕೇಳಿದರೆ ಅಣ್ಣ ಯಾರು, ತಮ್ಮ ಯಾರು, ಸತ್ತವನು ಯಾರು ಎಂದು ಹೇಳಲು ಬರುತ್ತಿರಲಿಲ್ಲ. ಮೂರು ವರ್ಷ ಇಬ್ಬರೂ ಒಬ್ಬರ ದಾರಿಗೊಬ್ಬರು ಅಡ್ಡ ಬರದೆ ಕುರಿ ಮೇಯಿಸಿದ್ದರಿಂದ ಈ ತಪ್ಪು ಯಾರ ಗಮನಕ್ಕೂ ಬಂದಿರಲಿಲ್ಲ.

ಆ ದಿನ ಪೀರನವಾಡಿಯ ಆಚೆ ಬಿಡಾರ ಹಾಕಿದಾಗ ಭೀಮಕ್ಕ ಮೊಬೈಲಿನಲ್ಲಿ ಸುದ್ದಿ ಹಚ್ಚಿದಳು. ಕೊರೊನಾ ಬರುವ ಹಿಂದಿನ ವರ್ಷದ ಮಾತು ಇದು. ಅರಬ್ಬಿ ಸಮುದ್ರದಲ್ಲಿ ಕ್ಯಾರ್ ಎಂಬ ದೊಡ್ಡ ಚಂಡಮಾರುತ ಇನ್ನೂ ತಿರುಗುತ್ತಿರುವಾಗಲೇ ಅದರ ಬೆನ್ನಿಗೆ ಮಹಾ ಎಂಬ ಇನ್ನೊಂದು ಹುಟ್ಟಿತ್ತು. ಪರದೆಯ ಮೇಲೆ ನೀಲಿ ಸಮುದ್ರ, ಅದರಲ್ಲಿ ಎರಡು ಬಿಳಿ ಸುಳಿ.

ಕರೆಪ್ಪ ಮೊಬೈಲನ್ನು ಕಣ್ಣ ಹತ್ತಿರ ಹಿಡಿದು ನೋಡಿದ. ಬಿಳಿಯ ಉಣ್ಣೆ. ಎಡಕ್ಕೆ ತಿರುಗುವ ಸುತ್ತು. ಅವನು ಮೊಬೈಲ್ ವಾಪಸ್ ಕೊಟ್ಟ.

ಖಾನಾಪುರದಲ್ಲಿ ಗಜಾನನನ ಗದ್ದೆ ಮುಟ್ಟಿದಾಗ ಅಲ್ಲಿ ಆಗಲೇ ಒಂದು ಹಿಂಡು ನಿಂತಿತ್ತು. ಕಚ್ಚುವ ನಾಯಿಯೂ ಇತ್ತು. ಬದುವಿನ ಮೇಲೆ ಕಾಲು ಚಾಚಿ ಸತ್ಯಪ್ಪ ತಂಬಾಕು ತಿಕ್ಕುತ್ತಿದ್ದ.

ಗಜಾನನ ದುಂಡಪ್ಪನ ಕಾಲದಿಂದ ಇವರ ಮನೆತನದ ಕುರಿಗಳನ್ನೇ ಕರೆಸುತ್ತಿದ್ದ ರೈತ; ಹಂಚಿಕೆಯಾದ ಮೇಲೆ ಒಂದು ವರ್ಷ ಅಣ್ಣನನ್ನು, ಒಂದು ವರ್ಷ ತಮ್ಮನನ್ನು ಕರೆಸುತ್ತಿದ್ದ. ಅವನು ತಲೆ ಕೆರೆದುಕೊಂಡು ಮನೆಯ ಕಡೆ ಕೂಗಿದ. "ಪ್ರಮಿಳಾ! ಅಗಽ, ನೀ ಯಾರಿಗೆ ಫೋನ್ ಮಾಡಿದ್ದಿ?"

"ಕರೆಪ್ಪಗ!" ಹೆಂಡತಿ ಒಳಗಿನಿಂದಲೇ ಕೂಗಿದಳು. "ನೀವಽ ಹೇಳಿದ್ರೆಲ್ಲ, ದುಂಡಪ್ಪನ ಮಗಗ ಮಾಡು ಅಂತ!"

"ಅರೇ, ನಾನೂ ದುಂಡಪ್ಪನ ಮಗಗಽ ಮಾಡೀನಿ!" ಗಜಾನನ ಇಬ್ಬರ ಕಡೆಗೂ ಕೈ ಮುಗಿದ. "ಇರ್ಲಿ ಬಿಡ್ರಿ, ಎರಡು ಗದ್ದಿ ಅದಾವು. ಮ್ಯಾಲಿಂದು ಸತ್ಯಪ್ಪಗ, ಕೆಳಗಿಂದು ಕರೆಪ್ಪಗ. ನಡುವ ಬದು ಐತಿ. ಖರೇ ಹೇಳ್ತೀನಿ, ಗೊಬ್ಬರ ಜಾಸ್ತಿ ಆದ್ರ ನನಗೇನೂ ತ್ರಾಸಿಲ್ಲ."

"ಗಜಾನನಣ್ಣಾ," ಅಂದ ಸತ್ಯಪ್ಪ ತಮ್ಮನ ಕಡೆ ನೋಡದೆ, "ಅವಗ ಹೇಳು. ಕುರಿ ಬದು ದಾಟಿದ್ರ ನಾ ತಿರುಗಿ ಹೊಡ್ಯಾಂವಲ್ಲ. ಸಣ್ಣ ಹಿಂಡು ದೊಡ್ಡದಕ್ಕ ತಾನಾಗಿ ಬರ್ತೈತಿ. ಬರ್ಲಿ ಅಂತಽ ಕುಂತೀನಿ. ಅಂದಂಗ, ಆ ಮೀಸಿ ಕತ್ತರಸೂದು ಆಗಽ ನೋಡೂಣಂತ."

"ಗಜಾನನಣ್ಣಾ, ನೀನೂ ಅವಗ ಹೇಳು," ಅಂದ ಕರೆಪ್ಪ, "ಕತ್ತರಿ ತುಕ್ಕ ಹಿಡದಿರ್ತೈತಿ, ಮೊದಲ ಸಾಣಿ ಹಿಡಸು ಅಂತ."

ಬಾಯಿಗೆ ಹಾಗಂದರೂ ಕರೆಪ್ಪನ ಕಣ್ಣು ಬದುವಿನ ಕಡೆಗೇ ಹೋಯಿತು. ಎರಡು ಗದ್ದೆಗಳ ನಡುವಿನ ಬದುವಿನ ಮೇಲೆ ಒಂದು ಚಪ್ಪಟೆ ಕಲ್ಲು ಇತ್ತು. ದುಂಡಪ್ಪ ಕೂರುತ್ತಿದ್ದ ಕಲ್ಲು. ಅವನು ಸತ್ತದ್ದೂ ಅದರ ಮೇಲೆಯೇ. ಕಂಬಳಿ ಹೊದ್ದು ಕುಳಿತವನು ಕುಳಿತೇ ಹೋಗಿದ್ದ. ಬೆಳಗಾದಾಗ ನೋಡಿದರೆ ಕುರಿಗಳೆಲ್ಲ ಅವನ ಸುತ್ತ ಸುರುಳಿ ಸುತ್ತಿಕೊಂಡು ಮಲಗಿದ್ದವು, ಹೊರಗಿನಿಂದ ಒಬ್ಬರೂ ಒಳಗೆ ಹೋಗಲಾರದ ಹಾಗೆ. ಅವನನ್ನು ಹೊರಗೆ ತೆಗೆಯಲು ಮಧ್ಯಾಹ್ನವಾಗಿತ್ತು.

ಗಜಾನನನ ಮಗಳು ಪದ್ಮಶ್ರೀ ಬೆಳಗಾವಿಯಲ್ಲಿ ಹೈಸ್ಕೂಲಿಗೆ ಭೂಗೋಳ ಕಲಿಸುತ್ತಿದ್ದಳು. ಹಬ್ಬದ ರಜೆಗೆ ಬಂದಿದ್ದಳು. ದನಗಳಿಗೆ ನೀರಿಡುವ ಹೌದಿನ ಹತ್ತಿರ ಕರೆಪ್ಪ ಅವಳನ್ನು ಮೆಲ್ಲಗೆ ಕೇಳಿದ.

"ಯವ್ವಾ ಟೀಚರ, ಸಮುದ್ರದಾಗ ಎರಡು ಬಿರುಗಾಳಿ ಅದಾವಂತಲ್ಲ. ಅವು ಒಂದಕ್ಕೊಂದು ಏನು ಮಾಡ್ತಾವ?"

ಪದ್ಮಶ್ರೀಗೆ ಖುಷಿಯಾಯಿತು. ರಜೆಯಲ್ಲಿ ಇಂಥ ಪ್ರಶ್ನೆ ಕೇಳುವ ವಿದ್ಯಾರ್ಥಿ ಅವಳಿಗೆ ಸಿಕ್ಕಿರಲಿಲ್ಲ. ಅವಳು ತೋಳು ಏರಿಸಿ, ಎರಡೂ ಕೈಗಳನ್ನು ಹೌದಿನ ನೀರಿನಲ್ಲಿ ಇಳಿಸಿ, ಎರಡು ಸುಳಿ ಎಬ್ಬಿಸಿದಳು. ಒಂದೊಂದರ ಮೇಲೆ ಒಂದೊಂದು ಚೆಂಡುಹೂವಿನ ಎಸಳು ಬಿಟ್ಟಳು.

"ನೋಡ್ರಿ ಕಾಕಾ. ದೂರ ದೂರ ಇದ್ರ ತಮ್ಮ ಪಾಡಿಗೆ ತಾವು ಇರ್ತಾವ. ಸಾವಿರ, ಸಾವಿರದ ನಾಕನೂರು ಕಿಲೋಮೀಟರ ಒಳಗ ಬಂದ್ವು ಅಂದ್ರ ಇದರ ಗಾಳಿ ಅದನ್ನ ದೂಡ್ತೈತಿ, ಅದರ ಗಾಳಿ ಇದನ್ನ ದೂಡ್ತೈತಿ. ಆವಾಗ ಎರಡೂ ಕೂಡಿ ನಡುವಿನ ಒಂದು ಜಾಗದ ಸುತ್ತ ತಿರುಗಾಕ ಹತ್ತತಾವ. ಸಣ್ಣದಿದ್ದದ್ದು ಜಾಸ್ತಿ ಸುತ್ತತೈತಿ, ದೊಡ್ಡದು ಕಡಿಮಿ. ಫುಜಿವಾರಾ ಅಂತ ಜಪಾನದಾವ ಒಬ್ಬಾವ ನೂರು ವರ್ಷದ ಹಿಂದ ನೀರಾಗ ಹಿಂಗಽ ಮಾಡಿ ನೋಡಿದ್ದ."

ಎಸಳುಗಳು ಒಂದರ ಹಿಂದೆ ಒಂದು ತಿರುಗಿದವು. ಎಡಕ್ಕೆ.

"ಆಮ್ಯಾಲ?"

"ಆಮ್ಯಾಲ ಬಿಟ್ಟು ಬ್ಯಾರೆ ಬ್ಯಾರೆ ಹಾದಿ ಹಿಡದರೂ ಹಿಡೀಬಹುದು. ಇಲ್ಲಾ ಭಾಳ ಹತ್ತಿರ ಬಂದ್ವು ಅಂದ್ರ ದೊಡ್ಡದು ಸಣ್ಣದನ್ನ ನುಂಗಿಬಿಡ್ತೈತಿ. ಈಗಿನವು ಅಷ್ಟು ಹತ್ತಿರ ಬರ್ತಾವೋ ಇಲ್ಲೋ, ಹವಾಮಾನದವರಽ ಹೇಳಬೇಕು."

"ಆ ನಡುವಿನ ಜಾಗಾದಾಗ ಏನಿರ್ತೈತಿ?"

"ಏನೂ ಇರೂದಿಲ್ಲ ಕಾಕಾ. ಬರೇ ಲೆಕ್ಕಕ್ಕ ಇರೋ ಜಾಗ."

ಹೌದಿನ ನಡುವೆ, ಎರಡು ಎಸಳುಗಳ ಮಧ್ಯೆ ಕರೆಪ್ಪ ಬಗ್ಗಿ ನೋಡಿದ. ನೀರು ಅಲ್ಲಿ ಕನ್ನಡಿಯ ಹಾಗೆ ನಿಂತಿತ್ತು. ಅದರಲ್ಲಿ ಮುಖವೊಂದು ಕಂಡಿತು. ತನ್ನದೇ ಎಂದು ಅವನು ನಂಬಿಕೊಂಡ. ಆದರೆ ಅದಕ್ಕೆ ಮೀಸೆ ಸಣ್ಣದಿತ್ತು, ಅಪ್ಪನದರ ಹಾಗೆ.

ಊಟವಾಗುತ್ತಲೇ ಮೋಡ ಇಳಿಯಿತು. ಮಳೆ ಇಲ್ಲ, ಗಾಳಿ ಇಲ್ಲ. ಹಗಲು ಇನ್ನೂ ಬೇಕಾದಷ್ಟಿದ್ದರೂ ಬೆಳಕು ಮಾತ್ರ ಹಳೆಯ ತಾಮ್ರದ ಬಣ್ಣಕ್ಕೆ ತಿರುಗಿ, ಖಾನಾಪುರದ ಕಾಡಿನ ಅಂಚು ಕಪ್ಪಿಟ್ಟಿತು. ಹಕ್ಕಿಗಳು ಸುಮ್ಮನಾದವು. ಬೊಗಳುವ ನಾಯಿ ಬೊಗಳುವುದನ್ನು ಬಿಟ್ಟು ಕತ್ತೆಯ ಹೊಟ್ಟೆಯ ಕೆಳಗೆ ಹೋಗಿ ಕುಳಿತಿತು.

ಮೊದಲು ಸತ್ಯಪ್ಪನ ಹಿಂಡು ಎದ್ದಿತು. ಗದ್ದೆಯೊಳಗೇ ನಿಧಾನವಾಗಿ ಸುತ್ತತೊಡಗಿತು. ಅದರ ಹಿಂದೆ ಕರೆಪ್ಪನದು. ಎರಡು ಬಿಳಿ ಸುಳಿ, ಕೊಯ್ದ ಕೂಳೆಯ ಮೇಲೆ ಸಾವಿರ ಗೊರಸುಗಳ ಒಂದೇ ಸಪ್ಪಳ. ಯಾವ ಕುರಿಯೂ ಅರಚುತ್ತಿರಲಿಲ್ಲ. ಬಾಯಿ ಮುಚ್ಚಿದ ಹಿಂಡನ್ನು ಕರೆಪ್ಪ ಜೀವಮಾನದಲ್ಲಿ ಒಂದೇ ಸಲ ನೋಡಿದ್ದ, ಅಪ್ಪ ಸತ್ತ ಬೆಳಿಗ್ಗೆ.

ಆಮೇಲೆ ಸುಳಿಗಳೇ ಜರುಗಿದವು. ಅವನ ಹಿಂಡು ಸುತ್ತುತ್ತ ಸುತ್ತುತ್ತ ಬದುವಿನ ಈ ತುದಿ ಏರಿ ಮೇಲಿನ ಗದ್ದೆಗೆ ಹೊರಟಿತು. ಸತ್ಯಪ್ಪನ ಹಿಂಡು ಆ ತುದಿಯಿಂದ ಕೆಳಗೆ ಇಳಿಯಿತು. ದೊಡ್ಡದು ಸ್ವಲ್ಪ ಸರಿಯಿತು, ಸಣ್ಣದು ಓಡಿತು. ನಡುವೆ ಆ ಚಪ್ಪಟೆ ಕಲ್ಲು.

"ಬರ್ಲಿ, ಬರ್ಲಿ!" ಸತ್ಯಪ್ಪ ತೊಡೆ ತಟ್ಟಿ ನಕ್ಕ. "ನೋಡು ಗಜಾನನಣ್ಣಾ, ಸಾಕ್ಷಿ ನೀನಽ! ನಾ ಕರದಿಲ್ಲ, ತಾವಽ ಬರಾಕತ್ತಾವು!"

ಕರೆಪ್ಪ ಕೋಲು ಬೀಸಿದ. ಅಡ್ಡ ನಿಂತ. ಕುರಿಗಳು ಅವನನ್ನು ಕಲ್ಲುಕಂಬದ ಹಾಗೆ ಬಳಸಿಕೊಂಡು ಹೋದವು. ಅವನು ಬಾಯಿಗೆ ಕೈ ಹಿಡಿದು ಕೂಗಿದ: "ಹೋಽಽ ಹುರ್ರೋ… ಬಾ ಬಾ ಬಾಽಽ!"

ಸುತ್ತು ಕಿರಿದಾಯಿತು. ಎರಡೂ ಹಿಂಡು ಒಂದಕ್ಕೊಂದು ಹತ್ತಿರ ಬಂದವು. ಮತ್ತೆ ಕೂಗಿದ. ಇನ್ನಷ್ಟು ಹತ್ತಿರ ಬಂದವು. ಆಗ ನಡುವಿನಿಂದ ಕೂಗು ಕೇಳಿಸಿತು.

"ಹೋಽಽ ಹುರ್ರೋ… ಬಾ ಬಾ ಬಾಽಽ!"

ಕರೆಪ್ಪ ಅಣ್ಣನ ಕಡೆ ತಿರುಗಿದ. ಸತ್ಯಪ್ಪನ ಬಾಯಿ ತಂಬಾಕಿನಿಂದ ತುಂಬಿತ್ತು, ಮುಚ್ಚಿತ್ತು. ಮುಖ ಬೂದಿಯಾಗಿತ್ತು.

"ನೀ ಕರದೇನು?" ಅಂದ ಸತ್ಯಪ್ಪ. ಮೂರು ವರ್ಷದಲ್ಲಿ ತಮ್ಮನ ಜೊತೆ ಅವನಾಡಿದ ಮೊದಲ ಮಾತು.

"ನಾ ಅಲ್ಲಣ್ಣಾ. ನೀ?"

"ನಾನೂ ಅಲ್ಲ."

ಕಲ್ಲಿನ ಮೇಲೆ ಯಾರೂ ಇರಲಿಲ್ಲ. ಗಜಾನನನೂ ನೋಡಿದ, ಪದ್ಮಶ್ರೀಯೂ ನೋಡಿದಳು, ಕಲ್ಲು ಬರಿದಾಗಿತ್ತು. ಕೂಗು ಮಾತ್ರ ಬರುತ್ತಲೇ ಇತ್ತು, ಅವಸರವಿಲ್ಲದೆ, ಸಂಜೆ ಹಿಂಡನ್ನು ಹಟ್ಟಿಗೆ ಸೇರಿಸುವವನ ಹಾಗೆ. ಒಂದೊಂದು ಕೂಗಿಗೂ ಎರಡು ಸುಳಿಗಳ ನಡುವಿನ ಬರಿ ನೆಲ ಕಡಿಮೆಯಾಗುತ್ತಿತ್ತು. ಕರೆಪ್ಪ ಕೆಳಗೆ ನೋಡಿಕೊಂಡರೆ ಅವನ ಕಾಲುಗಳೂ ನಡೆಯುತ್ತಿದ್ದವು. ಎದುರುಗಡೆ ಅಣ್ಣನೂ ನಡೆಯುತ್ತಿದ್ದ. ಇಬ್ಬರೂ ಕಲ್ಲನ್ನು ಎಡಗೈಗೆ ಇಟ್ಟುಕೊಂಡಿದ್ದರು.

"ಅಪ್ಪಾ, ಬಿಡೋ!" ಸತ್ಯಪ್ಪ ಅತ್ತಂತೆ ಕೂಗಿದ. ಕಾಲು ನಿಲ್ಲಲಿಲ್ಲ.

ಕುರಿ ಕೂಡಿದರೆ ಮುಗಿಯಿತು ಎಂದು ಕರೆಪ್ಪನಿಗೆ ಗೊತ್ತಿತ್ತು. ಹಿಂಡು ಹೋಗುತ್ತದೆ, ಭೀಮಕ್ಕನ ಬೇರೆ ಒಲೆ ಹೋಗುತ್ತದೆ, ಮೀಸೆ ಹೋಗುತ್ತದೆ. ಸಾಯುವ ತನಕ ಅಣ್ಣ ತೋರಿಸಿದ ಜಾಗದಲ್ಲಿ ಮಲಗಬೇಕು. ಕರೆಯಬೇಕು. ಆದರೆ ಕರೆಯಲು ಬಾಯಿ ತೆರೆದರೆ ಬರುವುದು ಅಪ್ಪನ ಕೂಗೇ. ಅದು ಬಂದಷ್ಟೂ ಸುತ್ತು ಬಿಗಿಯುತ್ತದೆ. ಅವನಿಗೆ ಅವನದೇ ಅನ್ನುವ ಕೂಗು ಒಂದೂ ಇರಲಿಲ್ಲ. ಅವನು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡ. ಮುಂದಿನ ಸಾಲಿನ ಕುರಿಗಳು ಅಣ್ಣನ ಕುರಿಗಳ ಉಣ್ಣೆಗೆ ಉಣ್ಣೆ ತಾಗಿಸುವಷ್ಟು ಹತ್ತಿರ ಬಂದಿದ್ದವು.

ಇಂಥ ಹೊತ್ತಿನಲ್ಲಿ ಕೆಲವರಿಗೆ ದೇವರು ನೆನಪಾಗುತ್ತಾನೆ. ಕರೆಪ್ಪನಿಗೆ ಹೆಂಡತಿ ನೆನಪಾದಳು.

ಅವರ ಕಡೆ ಗಂಡಸು ಹೆಂಡತಿಯ ಹೆಸರು ಹಿಡಿದು ಕರೆಯುವುದಿಲ್ಲ. ಏನೋ ಒಂದು ಸದ್ದು ಮಾಡುತ್ತಾನೆ, ಅವಳು ಬರುತ್ತಾಳೆ. ಕರೆಪ್ಪ ಮೊದಲು ಎರಡು ಸಲ ನಾಲಿಗೆ ಲೊಟಕರಿಸುತ್ತಿದ್ದ, ಆಮೇಲೆ ಬಾಗಿಲಿನಲ್ಲಿ ಬೆರಳು ಸಿಕ್ಕಿಹಾಕಿಕೊಂಡವನ ಹಾಗೆ ಕೀರಲು ದನಿ ತೆಗೆಯುತ್ತಿದ್ದ. ಊರಿನ ಹೆಂಗಸರು ಅದನ್ನು ಅಣಕಿಸಿ ನಗುತ್ತಿದ್ದರು. ಈಗ ಅದೇ ಬಂತು.

"ಲೊಟ್, ಲೊಟ್! ಏ ಇಕೀಽಽ… ಎಲ್ಲಿದ್ದೀಽಽ?"

ಬಿಡಾರದ ಹಿಂದಿನಿಂದ ಭೀಮಕ್ಕ ಎದ್ದು ಬಂದಳು. ಅವನು ಹೀಗೆ ಕೂಗಿದಾಗಲೆಲ್ಲ ಅವಳು ಕುರಿಗಳಿಗೆ ಹಾಕಲು ಉಪ್ಪು ಕಲಸಿದ ಗೋವಿನಜೋಳದ ನುಚ್ಚಿನ ಬುಟ್ಟಿ ಹಿಡಿದೇ ಬರುವುದು. ಬರಿಗೈಯಲ್ಲಿ ಬಂದರೆ "ಬುಟ್ಟಿ ಎಲ್ಲೈತಿ" ಎಂದು ಅವನು ವಾಪಸ್ ಕಳಿಸುತ್ತಿದ್ದ. ಮೂರು ವರ್ಷದಿಂದ ದಿನಾ ಸಂಜೆ ಹೀಗೇ. ಕರೆಪ್ಪನ ಪಾಲಿನ ಕುರಿಗಳಿಗೆ ಆ ಕೀರಲು ದನಿ ಎಂದರೆ ಉಪ್ಪು. ಸತ್ಯಪ್ಪನ ಕುರಿಗಳಿಗೆ ಅದು ಯಾರೋ ಹೆಂಡತಿಯನ್ನು ಹುಡುಕುತ್ತಿದ್ದಾನೆ, ಅಷ್ಟೇ.

ಮುಂದಿನ ಟಗರು ಕಿವಿ ಕೊಡವಿತು. ಸುತ್ತಿನಿಂದ ಒಂದು ಹೆಜ್ಜೆ ಹೊರಗೆ ಬಿತ್ತು.

"ಏ ಇಕೀಽಽ!" ಕರೆಪ್ಪ ಹರಿದ ಗಂಟಲಿನಲ್ಲಿ ಕೂಗಿದ. "ಎಲ್ಲಿದ್ದೀಽಽ?"

"ಇಲ್ಲಽ ಇದ್ದೀನಲ್ರೀ, ಕಣ್ಣ ಮುಂದಽ!" ಭೀಮಕ್ಕ ಬೈದಳು. "ಏನಾತೀಗ, ಹೆಣ ಬಿದ್ದಂಗ ಒದರಾಕತ್ತೀರಿ?"

ಬ್ಯಾ ಎಂದು ಒಂದು ಕುರಿ ಅರಚಿತು. ಆಮೇಲೆ ಎಲ್ಲವೂ ಅರಚಿದವು. ಸಣ್ಣ ಸುಳಿ ಸುತ್ತಿದ ನೂಲಿನ ಹಾಗೆ ಬಿಚ್ಚಿಕೊಂಡು ಬುಟ್ಟಿಯ ಕಡೆ ಓಡಿತು. ಭೀಮಕ್ಕ ಬುಟ್ಟಿಯನ್ನು ತಲೆಯ ಮೇಲೆ ಎತ್ತಿ ಹಿಡಿದು ಹಿಂದೆ ಹಿಂದೆ ನಡೆದಳು, ರಸ್ತೆಯ ತನಕ. ಕರೆಪ್ಪನ ಕಾಲುಗಳು ತಾವಾಗಿ ನಿಂತವು. ಅವನು ಹಿಂದೆ ನೋಡದೆ ಅವಳ ಬೆನ್ನಿಗೆ ಓಡಿದ. ಗದ್ದೆಯಲ್ಲಿ ಉಳಿದ ದೊಡ್ಡ ಹಿಂಡು ಇನ್ನೂ ಒಂದೆರಡು ಸುತ್ತು ಹಾಕಿ, ಜೊತೆ ಇಲ್ಲದೆ ಬೇಸರವಾದಂತೆ ನಿಂತಿತು. ಸತ್ಯಪ್ಪ ಬದುವಿನ ಮೇಲೆ ಕುಸಿದು ಕುಳಿತ.

"ಕೂಡಿಲ್ಲ!" ಗಜಾನನ ಕೈ ಎತ್ತಿ ಕೂಗಿದ. "ನಾ ಸಾಕ್ಷಿ ಅದೀನಿ, ಕೂಡಿಲ್ಲ! ಆದ್ರ ನೀ ನಡಿ ಮಾರಾಯಾ ಕರೆಪ್ಪ. ಈ ವರ್ಷ ನನಗ ಗೊಬ್ಬರ ಸಾಕು."

ಆಮೇಲೆ ಸುದ್ದಿಯಲ್ಲೂ ಹಾಗೇ ಬಂತು. ಒಂದು ಚಂಡಮಾರುತ ಅರಬರ ಕಡೆ ಹೋಗಿ ಸಮುದ್ರದ ಮೇಲೆಯೇ ಸೊರಗಿತು, ಇನ್ನೊಂದು ಗುಜರಾತದ ಕಡೆ ಹೊರಳಿ ಬಲ ಕಳೆದುಕೊಂಡಿತು. ಯಾವುದೂ ಯಾವುದನ್ನೂ ನುಂಗಲಿಲ್ಲ.

ವಾಪಸ್ ಬರುವಾಗ ಕರೆಪ್ಪ ಪೀರನವಾಡಿಯ ಆಚೆ ಅದೇ ಜಾಗದಲ್ಲಿ ಬಿಡಾರ ಹಾಕಿದ. ಮೂರು ಕಲ್ಲಿನ ಒಲೆಯ ಮೇಲೆ ಭೀಮಕ್ಕ ರೊಟ್ಟಿ ಬಡಿಯುತ್ತಿದ್ದಳು. ಹೊತ್ತು ಮುಳುಗುತ್ತಿತ್ತು. ಕರೆಪ್ಪ ಮೀಸೆ ತಿರುವುತ್ತ, ತನ್ನದೇ ಕೂಗಿಗೆ ಬಂದ ತನ್ನದೇ ಹಿಂಡನ್ನು ನೋಡುತ್ತ ಕುಳಿತಿದ್ದ. ಕುರಿಗಳು ಒಂದೊಂದಾಗಿ ಮಲಗಿದವು.

ಸುರುಳಿ ಸುತ್ತಿ ಮಲಗಿದವು. ನಡುವೆ ಜಾಗ ಬಿಟ್ಟು.

ದೊಡ್ಡ ಜಾಗವೇನಲ್ಲ. ಕಂಬಳಿ ಹೊದ್ದು ಒಬ್ಬ ಮನುಷ್ಯ ಮೊಣಕಾಲು ಮಡಚಿ ಕೂತರೆ ಎಷ್ಟು ಬೇಕೋ ಅಷ್ಟು. ನಡುವಿನ ಮರಿಗಳು ಆ ಬರಿ ಜಾಗಕ್ಕೆ ಬೆನ್ನು ಒರಗಿಸಿ ಮಲಗಿದ್ದವು. ಬರಿ ಜಾಗಕ್ಕೆ ಒರಗಿದ ಮರಿ ಬೀಳಬೇಕು. ಅವು ಬೀಳಲಿಲ್ಲ.

ಭೀಮಕ್ಕ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು. "ಬಂದಾರ," ಅಂದಳು ಮೆಲ್ಲಗೆ. "ಮಕ್ಕಳಿಬ್ಬರೊಳಗ ನಮ್ಮ ಬೆನ್ನಿಗಽ ಬಂದಾರ."

ಕರೆಪ್ಪ ಮೀಸೆ ತಿರುವುವುದನ್ನು ನಿಲ್ಲಿಸಿದ. ಆದರೆ ಎದೆಯ ಒಂದು ಮೂಲೆಯಲ್ಲಿ ಏನೋ ಬೆಚ್ಚಗಾಯಿತು. ಅರ್ಧ ಕಂಬಳಿಯವನಿಗೆ ಬಹಳ ದಿನಗಳ ಮೇಲೆ ಚಳಿ ಬಿಟ್ಟಿತ್ತು. ಅವನು ಒಂದು ರೊಟ್ಟಿ ಮುರಿದು ಬಾಯಿಗೆ ಇಟ್ಟುಕೊಂಡ.

ಮೊಬೈಲ್ ಗುಣುಗಿತು. ಸತ್ಯಪ್ಪ. ಭೀಮಕ್ಕ ಹಸಿರು ಗುಂಡಿ ಒತ್ತಿ ಗಂಡನ ಕಿವಿಗೆ ಹಿಡಿದಳು.

"ತಮ್ಮಾ, ಮುಟ್ಟಿದೇನು?"

"ಹೂಂ."

"ಕುರಿ ಮಕ್ಕೊಂಡುವೇನು?"

"ಹೂಂ."

ಅಣ್ಣ ದನಿ ತಗ್ಗಿಸಿದ. "ಇಲ್ಲಿ ಕಲ್ಲಿನ ಮ್ಯಾಲ ಏನೂ ಇಲ್ಲಪಾ. ಹಿಂಡಿನಾಗೂ ಇಲ್ಲ. ದನಿನೂ ಇಲ್ಲ, ಒಟ್ಟ ಖಾಲಿ ಖಾಲಿ ಅನಸ್ತೈತಿ. ನಿನ್ನ ಕಡೆ ಏನರ… ನಾಗಲಿಂಗಜ್ಜ ಹೇಳಿದ್ದು ನೆನಪೈತೆಲ್ಲ? ಹಿಂದಾಗಡೆ ಸಿಕ್ಕದ್ದು ಅರ್ಧ ಅರ್ಧ."

ಕರೆಪ್ಪ ಹಿಂಡಿನ ನಡುವೆ ನೋಡಿದ. ಕತ್ತರಿಸಿದ ಕಂಬಳಿ ಅವನಿಗೆ ನೆನಪಾಯಿತು.

"ಏನೂ ಸಿಕ್ಕಿಲ್ಲಣ್ಣಾ," ಅಂದ.

ಅಷ್ಟರಲ್ಲಿ ಆ ಬರಿ ಜಾಗದಲ್ಲಿ ಯಾರೋ ಎರಡು ಸಲ ನಾಲಿಗೆ ಲೊಟಕರಿಸಿದರು. ಆಮೇಲೆ ಹೊಸ ಪಾಠ ಕಲಿಯುವವರ ಹಾಗೆ, ತಡೆದು ತಡೆದು, ಹಳೆಯ ಗಂಟಲಿನಲ್ಲಿ ಒಂದು ಕೀರಲು ದನಿ ಎದ್ದಿತು: "ಏ… ಇಕೀಽಽ… ಎಲ್ಲಿ… ದ್ದೀಽಽ?"

ಭೀಮಕ್ಕ ತಟ್ಟನೆ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಮಾವ ಕರೆದರೆ ಬರಿ ತಲೆಯಲ್ಲಿ ಹೋಗುವ ಹಾಗಿಲ್ಲ. ಮೊಬೈಲನ್ನು ಗಂಡನ ಕೈಗೆ ಕೊಟ್ಟು, ಬಿಸಿ ರೊಟ್ಟಿಯ ಮೇಲೆ ಖಾರ ಇಟ್ಟುಕೊಂಡು, ತಲೆ ತಗ್ಗಿಸಿ, ಕುರಿಗಳ ನಡುವೆ ದಾರಿ ಮಾಡಿಕೊಳ್ಳುತ್ತ ಒಳಗೆ ನಡೆದಳು.

"ಏ ತಮ್ಮಾ," ಅಂದ ಫೋನಿನಲ್ಲಿ ಸತ್ಯಪ್ಪ, "ಯಾರದು ಕರದದ್ದು?"

"ನಾನಽ," ಅಂದ ಕರೆಪ್ಪ, ಬಾಯಿತುಂಬ ರೊಟ್ಟಿ ಇಟ್ಟುಕೊಂಡು.